ಮನವಿಪತ್ರಕ್ಕೆ ಮೊದಲು ಲೆಕ್ಕಪತ್ರ

ನಮ್ಮ ಭಾಗದಲ್ಲಿ ಸಾರ್ವಜನಿಕ ಬೇಡಿಕೆಯೊಂದು ಎದ್ದರೆ ಅದು ಸಾಗುವ ದಾರಿ ಬಹುಮಟ್ಟಿಗೆ ಒಂದೇ. ಸಭೆ ಸೇರುತ್ತದೆ, ಹೋರಾಟ ಸಮಿತಿ ರಚನೆಯಾಗುತ್ತದೆ, ಒಂದು ದಿನ ಅಂಗಡಿಗಳು ಬಾಗಿಲು ಹಾಕುತ್ತವೆ, ತಹಶೀಲ್ದಾರರಿಗೆ ಮನವಿಪತ್ರ ಸಲ್ಲುತ್ತದೆ, ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ ಪ್ರಕಟವಾಗುತ್ತದೆ. ಆನಂತರ ಆ ಮನವಿ ಯಾರ ಮೇಜಿನ ಮೇಲಿದೆ ಎಂದು ವಿಚಾರಿಸುವವರು ವಿರಳ. ವ್ಯಾಪಾರಸ್ಥರ ಲೆಕ್ಕಪತ್ರಗಳ ನಡುವೆಯೇ ವೃತ್ತಿಜೀವನ ಕಳೆದಿರುವ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ: ನ್ಯಾಯವಾದ ಬೇಡಿಕೆಯೂ ಪೂರ್ವಸಿದ್ಧತೆ ಇಲ್ಲದಿದ್ದರೆ ಸೋಲುತ್ತದೆ. ಹಕ್ಕೊತ್ತಾಯ ಅಭಿಯಾನವೊಂದನ್ನು ಹೇಗೆ ಯೋಜಿಸಬೇಕೆಂಬುದನ್ನು ನಮ್ಮ ಊರುಗಳ ಅನುಭವದಿಂದಲೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅದಿರಿನ ಪ್ರಕರಣದ ಪಾಠ

ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತು. ಶ್ರೀ ಎಸ್.ಆರ್. ಹಿರೇಮಠರು ಇದರ ಮುಂಚೂಣಿಯಲ್ಲಿದ್ದರು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ತಡೆ ಬಿತ್ತು. ತರುವಾಯ ಗುತ್ತಿಗೆ ಪ್ರದೇಶಗಳನ್ನು ಅಳತೆ ಮಾಡಿಸಿ, ಗಡಿ ಮೀರಿದ ಪ್ರಮಾಣವನ್ನು ಶೇಕಡಾವಾರು ಲೆಕ್ಕ ಹಾಕಿ, ಕೇಂದ್ರೀಯ ಉನ್ನತಾಧಿಕಾರ ಸಮಿತಿಯು ಗಣಿಗಳನ್ನು 'ಎ', 'ಬಿ', 'ಸಿ' ಎಂದು ವಿಂಗಡಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು.

ಈ ಪ್ರಕರಣದ ಪರ ಅಥವಾ ವಿರೋಧವಾಗಿ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಅದರ ಕಾರ್ಯವಿಧಾನವನ್ನು ಎಲ್ಲರೂ ಗಮನಿಸಬೇಕು. ಅಲ್ಲಿ ನಿರ್ಣಾಯಕವಾದದ್ದು ದಾಖಲೆ, ನಕ್ಷೆ ಮತ್ತು ಅಳತೆ.

ಊರಿನ ಲೆಕ್ಕ ಇರಲಿಲ್ಲ

ಆ ಆದೇಶ ಬಂದ ವಾರ ನನ್ನ ಕಚೇರಿಯಲ್ಲಿ ಲಾರಿ ಮಾಲೀಕರು ಸಾಲದ ಕಂತಿನ ಪಟ್ಟಿ ಹಿಡಿದು ಕುಳಿತಿದ್ದರು. ಅವರ ಹಿಂದೆ ಟೈರ್ ಅಂಗಡಿಯವರು, ಗ್ಯಾರೇಜಿನವರು, ಡಾಬಾದವರು ಬಂದರು. ರಹದಾರಿ ಇದ್ದ ಅದಿರನ್ನು ಮಾತ್ರ ಸಾಗಿಸಿದವರಿಗೂ ಸಂಕಷ್ಟ ತಪ್ಪಲಿಲ್ಲ. ಇದನ್ನೆಲ್ಲ ಸರ್ಕಾರಕ್ಕೆ ಬರೆಯೋಣವೆಂದು ಕುಳಿತರೆ, ಊರಿನಲ್ಲಿ ಎಷ್ಟು ಲಾರಿಗಳಿವೆ, ಬಾಕಿ ಸಾಲವೆಷ್ಟು, ಅವಲಂಬಿತ ಚಾಲಕರೆಷ್ಟು ಎಂಬ ಅಂಕಿ ಅಲ್ಲಿದ್ದ ಯಾರ ಬಳಿಯೂ ಇರಲಿಲ್ಲ. ನನ್ನ ಕಪಾಟಿನಲ್ಲಿ ಒಬ್ಬೊಬ್ಬರ ಆದಾಯ ತೆರಿಗೆ ರಿಟರ್ನ್ಸ್ ಇತ್ತು. ಊರಿನ ಲೆಕ್ಕ ಇರಲಿಲ್ಲ. ಆ ಪತ್ರವನ್ನು ಅಂಕಿಗಳಿಲ್ಲದೆಯೇ ಕಳುಹಿಸಿದೆವು. ಉತ್ತರ ಬರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಯೋಜನೆಯ ಹಂತಗಳು

1. ಬೇಡಿಕೆ ಒಂದೇ ಇರಲಿ: ಹದಿನೈದು ಬೇಡಿಕೆಗಳ ಪಟ್ಟಿಗೆ ಯಾವ ಅಧಿಕಾರಿಯೂ ಸಹಿ ಹಾಕಲಾರರು. ಒಂದೇ ವಾಕ್ಯದಲ್ಲಿ ಹೇಳಬಹುದಾದ, ಆದೇಶರೂಪಕ್ಕೆ ತರಬಹುದಾದ ಬೇಡಿಕೆಯನ್ನು ಆರಿಸಿಕೊಳ್ಳಬೇಕು.

2. ನಿರ್ಧರಿಸುವವರು ಯಾರೆಂದು ತಿಳಿಯಿರಿ: ಹಂಪಿಯಲ್ಲಿ ಅಂಗಡಿ, ವಸತಿಗೃಹಗಳ ಪ್ರಶ್ನೆ ಗ್ರಾಮ ಪಂಚಾಯತಿಗೆ ಮುಗಿಯುವುದಿಲ್ಲ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಮತ್ತು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗಳೂ ಅದರಲ್ಲಿ ಸೇರಿವೆ. ಕಂಪ್ಲಿಯ ಭತ್ತ, ಕಬ್ಬಿನ ಬೆಳೆಗೆ ಕಾಲುವೆ ನೀರಿನ ಪ್ರಶ್ನೆಯಾದರೆ ತುಂಗಭದ್ರಾ ಮಂಡಳಿ ಹಾಗೂ ನೀರಾವರಿ ಸಲಹಾ ಸಮಿತಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ರೈತರಷ್ಟೇ ಆತಂಕ ಅಕ್ಕಿ ಗಿರಣಿಗಳಿಗೂ ಗೊಬ್ಬರದ ಅಂಗಡಿಗಳಿಗೂ ಇತ್ತು.

3. ದಾಖಲೆ ಸಂಗ್ರಹಿಸಿ: ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಹತ್ತು ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರ ದೊರೆಯಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು. ಸದಸ್ಯರಿಂದಲೂ ನಮೂನೆಯೊಂದರಲ್ಲಿ ಅಂಕಿ ಪಡೆಯಬೇಕು. ಹೆಸರು ಗೋಪ್ಯವಾಗಿರಲಿ, ಮೊತ್ತ ನಿಜವಿರಲಿ.

4. ದಿನಾಂಕಗಳನ್ನು ಗುರುತಿಸಿ: ವಿಜಯನಗರ ಜಿಲ್ಲೆಯ ರಚನೆಯನ್ನೇ ನೋಡೋಣ. 2020ರ ಡಿಸೆಂಬರಿನಲ್ಲಿ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು 30 ದಿನಗಳ ಅವಕಾಶ ನೀಡಲಾಯಿತು. 2021ರ ಫೆಬ್ರವರಿ 8ರಂದು ಅಂತಿಮ ಅಧಿಸೂಚನೆ ಬಂತು. ಬೀದಿಯಲ್ಲಿ ಪರ-ವಿರೋಧದ ಘೋಷಣೆಗಳು ತಿಂಗಳುಗಟ್ಟಲೆ ನಡೆದವು. ಲಿಖಿತ ಆಕ್ಷೇಪಣೆಗೆ ಕಾನೂನು ಕೊಟ್ಟ ಬಾಗಿಲು ಮಾತ್ರ 30 ದಿನ ತೆರೆದಿತ್ತು. ಆಯವ್ಯಯಕ್ಕೆ ಸೇರಬೇಕಾದ ಬೇಡಿಕೆಯೂ ಹಾಗೆಯೇ. ಅದು ಮಂಡನೆಯ ಹಿಂದಿನ ವಾರದಲ್ಲಲ್ಲ, ಡಿಸೆಂಬರಿನೊಳಗೇ ಇಲಾಖೆಯನ್ನು ತಲುಪಿರಬೇಕು.

5. ಹೊಣೆ ಹಂಚಿ: ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಮತ್ತು ಒಂದು ದಿನಾಂಕ ಇರಲಿ. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ.

6. ಹಣದ ಲೆಕ್ಕ ಇಡಿ: ವಂತಿಗೆಗೆ ರಸೀದಿ, ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಸಹಿ, ಮುಕ್ತಾಯದಲ್ಲಿ ಪರಿಶೋಧಿತ ಜಮಾ-ಖರ್ಚು ಇರಲೇಬೇಕು. ಲೆಕ್ಕ ಕೊಡದ ಸಮಿತಿಯು ಸರ್ಕಾರದಿಂದ ಲೆಕ್ಕ ಕೇಳುವ ನೈತಿಕ ಅಧಿಕಾರವನ್ನು ಕಳೆದುಕೊಳ್ಳುತ್ತದೆ. ಅಭಿಯಾನಕ್ಕೆ ಕೊಟ್ಟ ವಂತಿಗೆಯೆಲ್ಲ ತೆರಿಗೆಯಲ್ಲಿ ಕಡಿತಕ್ಕೆ ಅರ್ಹವಾಗುವುದಿಲ್ಲ ಎಂಬುದನ್ನೂ ಸದಸ್ಯರು ಮೊದಲೇ ತಿಳಿದಿರಲಿ.

ಮುಂದಿರುವ ಕೆಲಸ

ಈ ಕ್ರಮವನ್ನು ಅನ್ವಯಿಸಲು ಒಂದು ವಿಷಯ ಕಣ್ಣೆದುರಿಗಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಸ್ಥಾಪನೆಯಾದವು. ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನೂ, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ. 10ರಷ್ಟನ್ನೂ ಇದಕ್ಕೆ ಪಾವತಿಸುತ್ತಾರೆ. ಈ ಹಣ ಗಣಿಬಾಧಿತ ಪ್ರದೇಶ ಮತ್ತು ಜನರ ಹಿತಕ್ಕಾಗಿಯೇ ಮೀಸಲು. ಸಂಡೂರಿನ ಗಣಿಗಳಿರುವುದು ಬಳ್ಳಾರಿ ಜಿಲ್ಲೆಯಲ್ಲಿ. ಅಲ್ಲಿಂದ ಅದಿರು ಹೊತ್ತ ಲಾರಿಗಳು ಬಂದಿಳಿಯುವ ಹೊಸಪೇಟೆ ಇಂದು ವಿಜಯನಗರ ಜಿಲ್ಲೆಯ ಕೇಂದ್ರ. ಕೆಂಪು ಧೂಳು ಜಿಲ್ಲೆಯ ಗಡಿಯಲ್ಲಿ ನಿಲ್ಲುವುದಿಲ್ಲ. ಕಡತ ಮಾತ್ರ ಅಲ್ಲಿ ನಿಲ್ಲುತ್ತದೆ. ಆದ್ದರಿಂದ ರಸ್ತೆಬದಿಯ ಅಂಗಡಿಕಾರರ ಆರೋಗ್ಯ, ರಸ್ತೆ ದುರಸ್ತಿ, ಧೂಳು ನಿಯಂತ್ರಣ ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಎರಡೂ ಜಿಲ್ಲಾಡಳಿತಗಳಿಗೆ ಒಂದೇ ಅಂಕಿ-ಅಂಶದ ಮನವಿ ಸಲ್ಲಿಸಬೇಕು. ಸಂಬಂಧಿಸಿದ ಗ್ರಾಮಸಭೆಗಳ ನಿರ್ಣಯವೂ ಅದರ ಜೊತೆಗಿರಲಿ. ವರ್ತಕರ ಧ್ವನಿಯಷ್ಟೇ ಕೇಳಿದರೆ ಅದು ಸ್ವಾರ್ಥವೆನಿಸುತ್ತದೆ, ಗ್ರಾಮಸ್ಥರು ಕೂಡಿದರೆ ಸಮುದಾಯದ ಬೇಡಿಕೆಯಾಗುತ್ತದೆ.

ಬಂದ್ ಮತ್ತು ಮೆರವಣಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ದಿನದ ಬಂದ್‌ನಿಂದ ದಿನಗೂಲಿ ಹಮಾಲರಿಗೂ ತಳ್ಳುಗಾಡಿಯವರಿಗೂ ಆಗುವ ನಷ್ಟವನ್ನು ಮೊದಲು ಬರೆದುಕೊಂಡು, ಬೇರೆ ದಾರಿ ಮುಗಿದ ಮೇಲೆ ಆ ವೆಚ್ಚಕ್ಕೆ ಕೈಹಾಕೋಣ. ಅದಕ್ಕೂ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ವ್ಯವಹಾರದ ಒಂದು ಪುಟದ ವಿವರವನ್ನು ಸಿದ್ಧಪಡಿಸಿ ಸಂಸ್ಥೆಯ ಕಚೇರಿಗೆ ತಲುಪಿಸಬೇಕೆಂದು ವಿನಂತಿ. ಮುಂದಿನ ಸಂಕಷ್ಟ ಬರುವ ವೇಳೆಗಾದರೂ ಊರಿನ ಲೆಕ್ಕ ನಮ್ಮ ಕಪಾಟಿನಲ್ಲಿರಲಿ.