ಕೀವು ನಿಂತರೂ ರೋಗ ಹೋಗಿರಲ್ಲ: ಗಂಡಸರ ಲೈಂಗಿಕ ಸೋಂಕಿಗೆ ಕೌಂಟರ್ ಮಾತ್ರೆ ಸಾಲದು

ಮಾಕಳಿ: ಮೂತ್ರ ಮಾಡುವಾಗ ಉರಿ, ಒಳಚಡ್ಡಿಯಲ್ಲಿ ಹಳದಿ ಕಲೆ. ಪೀಣ್ಯದಿಂದ ನೆಲಮಂಗಲದವರೆಗೆ ತುಮಕೂರು ರಸ್ತೆಯ ಕಾರ್ಖಾನೆ, ಗೋಡೌನ್, ಲಾರಿಗಳಲ್ಲಿ ದುಡಿಯುವ ಗಂಡಸರಿಗೆ ಹೀಗಾದಾಗ ಮೊದಲು ನೆನಪಾಗುವುದು ಡಾಕ್ಟರಲ್ಲ, ಮೆಡಿಕಲ್ ಶಾಪ್. ಅಂಗಡಿ ಖಾಲಿಯಾಗುವವರೆಗೆ ಕಾದು, ದನಿ ತಗ್ಗಿಸಿ, ‘ಅಣ್ಣಾ, ಹೀಟ್ ಆಗಿದೆ, ಏನಾದ್ರೂ ಕೊಡಿ’ ಅನ್ನುತ್ತಾರೆ. ನಾಲ್ಕು ಮಾತ್ರೆ ಸಿಗುತ್ತದೆ, ಎರಡು ದಿನಕ್ಕೆ ಉರಿ ತಗ್ಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಬಿಸಿಲಲ್ಲಿ ನೀರು ಕುಡಿಯದೆ ದುಡಿದರೆ ಉರಿಮೂತ್ರ ಬರಬಹುದು ನಿಜ. ಎಳನೀರು, ಬಾರ್ಲಿ ನೀರಿಗೆ ಅದು ಇಳಿಯುತ್ತದೆ. ಆದರೆ ಉಷ್ಣಕ್ಕೆ ಕೀವು ಬರುವುದಿಲ್ಲ. ಲೈಂಗಿಕ ಸಂಪರ್ಕವಾದ ಎರಡರಿಂದ ಏಳು ದಿನದೊಳಗೆ ಗಟ್ಟಿ ಹಳದಿ ಕೀವು ಕಾಣಿಸಿಕೊಂಡರೆ ಅದು ಹೆಚ್ಚಾಗಿ ಗೊನೋರಿಯಾ. ಒಂದೆರಡು ವಾರ ಕಳೆದು ತೆಳ್ಳಗೆ, ನೀರಿನಂತೆ ಸೋರಿದರೆ ಕ್ಲಮೀಡಿಯಾ ಇರಬಹುದು. ಕ್ಲಮೀಡಿಯಾ ಅನೇಕರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಎರಡೂ ಒಟ್ಟಿಗೆ ಇರುವುದು ಮಾಮೂಲು, ಹಾಗಾಗಿ ಡಾಕ್ಟರು ಎರಡಕ್ಕೂ ಸೇರಿಸಿ ಔಷಧ ಕೊಡುತ್ತಾರೆ. ಅರ್ಧಕ್ಕೆ ಬಿಟ್ಟರೆ ಸೋಂಕು ವೃಷಣಕ್ಕೆ ಇಳಿದು ಬಾವು ಬರಬಹುದು, ಮೂತ್ರನಾಳ ಕಿರಿದಾಗಬಹುದು, ಮಕ್ಕಳಾಗುವುದಕ್ಕೂ ಅಡ್ಡಿಯಾಗಬಹುದು. ಹಿಂದೆ ಗೊನೋರಿಯಾಗೆ ಕೇಳುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್ ಈಗ ಬಹುತೇಕ ಕೇಳುವುದಿಲ್ಲ. ಗೆಳೆಯನಿಗೆ ಬರೆದುಕೊಟ್ಟ ಹಳೇ ಚೀಟಿ ಹಿಡಿದು ಹೋಗುವವರು ಇದನ್ನು ತಿಳಿದಿರಲಿ.

ಕೀವಾದರೂ ಕಣ್ಣಿಗೆ ಕಾಣುತ್ತದೆ. ಹೆಚ್ಚು ಮೋಸ ಮಾಡುವುದು ಸಿಫಿಲಿಸ್, ಹಳಬರ ಮಾತಲ್ಲಿ ಪರಂಗಿ ಹುಣ್ಣು. ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಶಿಶ್ನದ ಮೇಲೆ ಒಂದು ಗಟ್ಟಿ ಹುಣ್ಣು ಏಳುತ್ತದೆ. ನೋವಿಲ್ಲ, ತುರಿಕೆ ಇಲ್ಲ. ಏನೂ ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತದೆ. ಹಚ್ಚಿದ ಮುಲಾಮಿಗೇ ವಾಸಿಯಾಯ್ತು ಅಂತ ಖುಷಿಪಡುವವರೇ ಹೆಚ್ಚು. ಮಾಯ್ದದ್ದು ಹುಣ್ಣು ಮಾತ್ರ, ರೋಗಾಣು ರಕ್ತದಲ್ಲೇ ಇರುತ್ತದೆ. ಕೆಲವು ವಾರದ ಮೇಲೆ ಅಂಗೈ, ಅಂಗಾಲಲ್ಲಿ ಕಂದು ಮಚ್ಚೆ ಏಳಬಹುದು. ಅದೂ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಹೃದಯ, ಮೆದುಳು, ಕಣ್ಣಿಗೆ ಕೈ ಹಾಕಬಹುದು. ಇಷ್ಟು ದೊಡ್ಡ ಕಾಯಿಲೆಗೆ ಶುರುವಿನಲ್ಲೇ ಬಂದರೆ ಸಾಕಾಗುವುದು 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್, ಒಂದೇ ಸಲ. ತಡವಾದರೆ ವಾರಕ್ಕೊಂದರಂತೆ ಮೂರು ವಾರ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಔಷಧವಿದೆ.

ಗಂಡ ಮುಚ್ಚಿಟ್ಟದ್ದು ಎಷ್ಟೋ ಮನೆಗಳಲ್ಲಿ ಬಯಲಾಗುವುದು ಹೆಂಡತಿ ಬಸುರಿಯಾದಾಗ. ತಾಯಿ ಕಾರ್ಡ್ ಮಾಡಿಸುವ ಹೊತ್ತಿನ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಜೊತೆ ಸಿಫಿಲಿಸ್ ಕೂಡ ನೋಡುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು, ಇಲ್ಲವೇ ರೋಗ ಹೊತ್ತುಕೊಂಡೇ ಹುಟ್ಟಬಹುದು. ಏನೂ ತಿಳಿಯದ ಆ ಹೆಣ್ಣುಮಗಳ ಮೇಲೇ ಅನುಮಾನ ಬೀಳುವುದೂ ಉಂಟು.

ನೋವಿರುವ ಸಣ್ಣ ನೀರುಗುಳ್ಳೆಗಳು ಬಂದು ಒಡೆದು, ಕೆಲ ತಿಂಗಳಿಗೆ ಮತ್ತೆ ಬಂದರೆ ಅದು ಹರ್ಪಿಸ್. ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ನರಹುಲಿಯಂತೆ ಬೆಳೆಯುವ ಗಂಟುಗಳನ್ನು ಚರ್ಮದ ಡಾಕ್ಟರು ಸುಟ್ಟು ಅಥವಾ ಔಷಧ ಹಚ್ಚಿ ತೆಗೆಯುತ್ತಾರೆ.

ಹಾಗಂತ ಎಲ್ಲ ತುರಿಕೆಯೂ ಲೈಂಗಿಕ ರೋಗವಲ್ಲ. ಮುಂದೊಗಲು ಪದೇ ಪದೇ ಕೆಂಪಾಗಿ ಸೀಳುತ್ತಿದ್ದರೆ ಒಮ್ಮೆ ಶುಗರ್ ಚೆಕ್ ಮಾಡಿಸಬೇಕು. ತೊಡೆಸಂದಿನ ತುರಿಕೆ ಹೆಚ್ಚಾಗಿ ಹುಳುಕಡ್ಡಿ, ಕೇಳಿದ ತಕ್ಷಣ ಸಿಗುವ ಸ್ಟಿರಾಯ್ಡ್ ಕ್ರೀಮ್ ಅದನ್ನು ಇನ್ನಷ್ಟು ಹರಡುತ್ತದೆ. ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಬೆಳಗಾಗಲಿ ಅಂತ ಕಾಯಬಾರದು. ವೃಷಣ ತಿರುಚಿಕೊಂಡಿದ್ದರೆ ಆರು ಗಂಟೆಯೊಳಗೆ ಆಪರೇಷನ್ ಆಗಬೇಕಾದೀತು.

ಇನ್ನು ‘ಗುಪ್ತ ರೋಗಕ್ಕೆ ಗ್ಯಾರಂಟಿ’ ಎಂಬ ಗೋಡೆ ಬರಹ. ಸಿಫಿಲಿಸ್, ಗೊನೋರಿಯಾ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಧಾತು ಹೋಗುತ್ತಿದೆ ಎಂದು ಹೆದರಿಸಿ ಸಾವಿರಾರು ರೂಪಾಯಿ ಪೀಕುವ ದಂಧೆಯೂ ಈ ಗೋಡೆಗಳ ಹಿಂದೆಯೇ ನಡೆಯುತ್ತದೆ. ನಿದ್ದೆಯಲ್ಲಿ ವೀರ್ಯ ಹೋಗುವುದು ಕಾಯಿಲೆಯಲ್ಲ.

ಮೆಡಿಕಲ್ ಶಾಪ್‌ನವರಿಗೂ ಒಂದು ಮಾತು. ಕೀವಿಗೆ ಕೇಳಿ ಒಯ್ಯುವ ಸೆಫಿಕ್ಸಿಮ್ ಎಚ್1 ಪಟ್ಟಿಯ ಔಷಧ. 2014ರಿಂದ ಇದಕ್ಕೆ ಡಾಕ್ಟರ ಚೀಟಿ ಬೇಕು, ಡಾಕ್ಟರು ಮತ್ತು ರೋಗಿಯ ಹೆಸರು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಬಂದ ಹುಡುಗನನ್ನು ಗದರದೆ ಆಸ್ಪತ್ರೆ ದಾರಿ ತೋರಿಸಿದರೆ ಗಿರಾಕಿಯೇನೂ ತಪ್ಪಿಹೋಗುವುದಿಲ್ಲ.

ಮಾಕಳಿ ಕಡೆಯವರಿಗೆ ನೆಲಮಂಗಲದ ಸರ್ಕಾರಿ ಆಸ್ಪತ್ರೆ ಹತ್ತಿರ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲೂ ತೋರಿಸಬಹುದು. ಲೈಂಗಿಕ ಸೋಂಕಿಗೆ ಸರ್ಕಾರ ನಡೆಸುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ತಪಾಸಣೆ, ಔಷಧದ ಕಿಟ್ ಉಚಿತ. ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಗೂ ದುಡ್ಡಿಲ್ಲ. ಎಚ್‌ಐವಿ ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನೇ ಹೇಳುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು, ಅದಕ್ಕೂ ಕಾಸಿಲ್ಲ. ಕಾಂಡೋಮ್ ಹರಿದು ಎಚ್‌ಐವಿ ಭಯವಿದ್ದರೆ 72 ಗಂಟೆಯೊಳಗೆ ಆಸ್ಪತ್ರೆ ತಲುಪಬೇಕು, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಆ ಅವಧಿಯಲ್ಲಿ ಶುರು ಮಾಡಿದರೆ ಸೋಂಕು ತಡೆಯುವ ಮಾತ್ರೆಗಳಿವೆ.

ಔಷಧ ಒಬ್ಬರೇ ತಗೊಂಡರೆ ಸಾಲದು, ಹೆಂಡತಿ ಅಥವಾ ಸಂಗಾತಿಗೂ ಚಿಕಿತ್ಸೆ ಆಗಬೇಕು. ಕೀವಿನ ಕಾಯಿಲೆಗೆ ಔಷಧ ತಗೊಂಡು ಕನಿಷ್ಠ ಏಳು ದಿನ ಇಬ್ಬರೂ ದೂರವಿರಬೇಕು, ಇಲ್ಲದಿದ್ದರೆ ಸೋಂಕು ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಆಸ್ಪತ್ರೆಗೆ ಹೊರಡುವಾಗ ಈಗಾಗಲೇ ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ಜೇಬಲ್ಲಿರಲಿ. ಕೀವು ಪರೀಕ್ಷಿಸಲು ಅನುಕೂಲವಾಗುವಂತೆ, ಆಗುವುದಾದರೆ ಒಂದೆರಡು ಗಂಟೆ ಮೊದಲಿನಿಂದ ಮೂತ್ರ ಮಾಡದೆ ಹೋಗುವುದು ಒಳ್ಳೆಯದು.