ಲಿಂಕ್ ತೆರೆಯುವ ಹೊಣೆ ಯಾರದು?

ಪರದೆಯ ಮೇಲೆ ಕಾಣುವ ಬಟನ್, ಮೆನು, ಲೇಬಲ್‌ಗಳನ್ನು ಪ್ರತಿ ತಂತ್ರಾಂಶವೂ ಹೊಸದಾಗಿ ಬರೆದುಕೊಳ್ಳುವುದಿಲ್ಲ. ಮೊದಲೇ ಸಿದ್ಧಪಡಿಸಿಟ್ಟ ಸಂಗ್ರಹದಿಂದ ಅವನ್ನು ಎತ್ತಿಕೊಳ್ಳುತ್ತದೆ. ಇಂಥ ಸಂಗ್ರಹವೇ ಟೂಲ್‌ಕಿಟ್. ಲಿನಕ್ಸ್ ಲೋಕದಲ್ಲಿ ಹೆಸರಾದ ಜಿಟಿಕೆ ಹುಟ್ಟಿದ್ದು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ. ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಗಿಂಪನ್ನು ಶುರುಮಾಡಿದರು. ಜಿಟಿಕೆಯ 1.0 ಆವೃತ್ತಿ 1998ರಲ್ಲಿ ಬಂತು.

ಸಾಮಾನ್ಯ ಬಟನ್ ಒತ್ತಿದರೆ ಕೆಲಸ ಹೆಚ್ಚಾಗಿ ಆ ತಂತ್ರಾಂಶದೊಳಗೇ ಮುಗಿಯುತ್ತದೆ. ಲಿಂಕ್ ಹಾಗಲ್ಲ. ಅದನ್ನು ಒತ್ತಿದಾಗ ಬೇರೊಂದು ತಂತ್ರಾಂಶ, ಅಂದರೆ ಬ್ರೌಸರ್, ತೆರೆಯಬೇಕು. ಯಾವ ಬ್ರೌಸರ್ ಎಂಬುದು ಬಳಕೆದಾರರ ಆಯ್ಕೆ. ಆ ಆಯ್ಕೆಯನ್ನು ಓದಿ ತಿಳಿಯುವವರು ಯಾರು?

ಅವಲಂಬನೆಯ ತೊಡಕು

ಗ್ನೋಮ್ 2 ಡೆಸ್ಕ್‌ಟಾಪ್‌ನಲ್ಲಿ ಈ ಆಯ್ಕೆ ಜಿಕಾನ್ಫ್ ಎಂಬ ಸೆಟ್ಟಿಂಗ್‌ಗಳ ಉಗ್ರಾಣದಲ್ಲಿರುತ್ತಿತ್ತು. ಜಿಟಿಕೆ ನೇರವಾಗಿ ಅದನ್ನೇ ಕೇಳಬಹುದಿತ್ತಲ್ಲ ಎನಿಸಬಹುದು. ಆದರೆ ಜಿಟಿಕೆ ಕೆಳಗಿನ ಪದರ, ಗ್ನೋಮ್ ಅದರ ಮೇಲೆ ಕಟ್ಟಿದ್ದು. ಪಾಯವು ಮೇಲ್ಮಹಡಿಯನ್ನು ನೆಚ್ಚಿಕೊಂಡರೆ ಮನೆ ನಿಲ್ಲುವುದಿಲ್ಲ. ಜಿಕಾನ್ಫ್ ಬೇಕೆಂದರೆ ಅದರ ಬೆನ್ನಿಗಿದ್ದ ಆರ್ಬಿಟ್ ಎಂಬ ಇನ್ನೊಂದು ತಂತ್ರಾಂಶವೂ ಬೇಕಾಗುತ್ತಿತ್ತು. ಗ್ನೋಮ್‌ನ ಗಂಧವೇ ಇಲ್ಲದ ವಿಂಡೋಸ್‌ನಲ್ಲಿ ಗಿಂಪ್ ಬಳಸುವವರೂ ಇವನ್ನೆಲ್ಲ ಹೊರಬೇಕಾಗುತ್ತಿತ್ತು.

ಹಾಗಾಗಿ ಜಿಟಿಕೆ ಮೊದಲು ಹೊಣೆಯನ್ನು ತಂತ್ರಾಂಶಕ್ಕೇ ಬಿಟ್ಟಿತು. 2.6 ಆವೃತ್ತಿಯಲ್ಲಿ ಬಂದ ಪರಿಚಯ ಕಿಟಕಿಯಲ್ಲಿ (ಅಬೌಟ್ ಡೈಲಾಗ್) ವಿಳಾಸ ಒತ್ತಿದಾಗ ಏನು ಮಾಡಬೇಕೆಂದು ತಂತ್ರಾಂಶವೇ ಒಂದು ಫಂಕ್ಷನ್ ಒಪ್ಪಿಸಬೇಕಿತ್ತು. ಇದರಿಂದ ಜಿಟಿಕೆ ಹಗುರವಾಗಿ ಉಳಿಯಿತು, ಆದರೆ ಅದೇ ಕೆಲಸವನ್ನು ಪ್ರತಿ ತಂತ್ರಾಂಶವೂ ತನ್ನದೇ ರೀತಿಯಲ್ಲಿ ಮಾಡತೊಡಗಿತು.

2008ರಲ್ಲಿ ದಾರಿ ಸಿಕ್ಕಿತು. ಜಿಟಿಕೆಗೂ ಕೆಳಗಿರುವ ಜಿಲಿಬ್ ಎಂಬ ಪದರದ 2.16 ಆವೃತ್ತಿಯಲ್ಲಿ ಜಿಐಒ ಎಂಬ ಭಾಗ ಸೇರಿತು. ಯಾವ ವಿಳಾಸಕ್ಕೆ ಯಾವ ತಂತ್ರಾಂಶ ಎಂದು ಹುಡುಕುವ ಕೆಲಸ ಅದರ ಪಾಲಿಗೆ ಬಂತು. ಅದೇ ವರ್ಷದ ಜಿಟಿಕೆ 2.14ರಲ್ಲಿ ವಿಳಾಸ ತೆರೆಯಲು ಒಂದೇ ಫಂಕ್ಷನ್ ಸಾಕಾಯಿತು. 2009ರ 2.18ರಿಂದ ಸಾಮಾನ್ಯ ಲೇಬಲ್‌ನೊಳಗೂ ಲಿಂಕ್ ಇಡಬಹುದಾಯಿತು.

ಒತ್ತಿದ ಕ್ಷಣದಲ್ಲಿ

ಲಿನಕ್ಸ್‌ನಲ್ಲಿ ಲೇಬಲ್‌ನ ಲಿಂಕ್ ಒತ್ತಿದಿರಿ ಎನ್ನಿ. ಜಿಟಿಕೆ ಮೊದಲು ‘ಆಕ್ಟಿವೇಟ್-ಲಿಂಕ್’ ಎಂಬ ಸಿಗ್ನಲ್ ಕಳಿಸುತ್ತದೆ. ‘ಇದನ್ನು ನಾನು ನೋಡಿಕೊಂಡೆ’ ಎಂದು ತಂತ್ರಾಂಶ ಉತ್ತರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಸಹಾಯದ ಪುಟವನ್ನು ತನ್ನ ಕಿಟಕಿಯಲ್ಲೇ ತೋರಿಸುವ ತಂತ್ರಾಂಶಕ್ಕೆ ಇದು ಅನುಕೂಲ. ಇಲ್ಲವಾದರೆ ವಿಳಾಸ ಜಿಐಒ ಕೈಗೆ ಹೋಗುತ್ತದೆ. ವಿಳಾಸ ‘ಎಚ್‌ಟಿಟಿಪಿಎಸ್’ನಿಂದ ಶುರುವಾಗಿದೆಯೋ ‘ಮೇಲ್‌ಟು’ವಿನಿಂದಲೋ ಎಂದು ಅದು ನೋಡುತ್ತದೆ. ಬಳಕೆದಾರರ ಆಯ್ಕೆ ಸಾಮಾನ್ಯವಾಗಿ ‘ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್’ ಎಂಬ ಸಾದಾ ಪಠ್ಯದ ಕಡತದಲ್ಲಿ ಇರುತ್ತದೆ. ಅಲ್ಲಿ ಸಿಕ್ಕ ಹೆಸರಿನ ‘ಡಾಟ್ ಡೆಸ್ಕ್‌ಟಾಪ್’ ಕಡತವನ್ನು ತೆರೆದು, ಅದರ ‘ಎಕ್ಸೆಕ್’ ಸಾಲಿನಲ್ಲಿರುವ ಆದೇಶಕ್ಕೆ ವಿಳಾಸ ಸೇರಿಸಿ ಚಾಲನೆ ಕೊಡುತ್ತದೆ.

ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿಡುವ ಫ್ಲ್ಯಾಟ್‌ಪ್ಯಾಕ್‌ನಂಥ ಬೇಲಿಯೊಳಗೆ ಓಡುವ ತಂತ್ರಾಂಶಕ್ಕೆ ಹೊರಗಿನ ಬ್ರೌಸರನ್ನು ನೇರವಾಗಿ ಎಬ್ಬಿಸುವ ಅನುಮತಿ ಇರುವುದಿಲ್ಲ. ಅಲ್ಲಿ ಪೋರ್ಟಲ್ ಎಂಬ ಮಧ್ಯವರ್ತಿ ವಿಳಾಸವನ್ನು ಹೊರಗೆ ದಾಟಿಸುತ್ತದೆ.

ತಂತ್ರಾಂಶ ಬರೆಯುವವರು ಇದರಿಂದ ಕಲಿಯಬೇಕಾದ್ದು ಇಷ್ಟು: ಬ್ರೌಸರಿನ ಹೆಸರನ್ನು ಕೋಡಿನಲ್ಲಿ ಎಂದೂ ಬರೆಯಬೇಡಿ. ಒಂದು ಸೆಟ್ಟಿಂಗ್ ಓದುವ ಆಸೆಗೆ ಇಡೀ ಡೆಸ್ಕ್‌ಟಾಪನ್ನು ಬೆನ್ನಿಗೆ ಕಟ್ಟಿಕೊಳ್ಳಬೇಡಿ. ‘ಇದನ್ನು ತೆರೆ’ ಎಂದು ಕೆಳಗಿನ ಪದರವನ್ನು ಕೇಳಿದರೆ ಸಾಕು. ಬಳಕೆದಾರರು ನಾಳೆ ಬ್ರೌಸರ್ ಬದಲಾಯಿಸಿದರೂ ನಿಮ್ಮ ಕೋಡಿನ ಒಂದು ಸಾಲನ್ನೂ ಮುಟ್ಟಬೇಕಾಗುವುದಿಲ್ಲ.