ಮನೆಯ ಮಾಳಿಗೆಯೂ ಸರಕಾರದ ಕಟ್ಟಳೆಯೂ

ಮನೆಯು ಮಳೆಯನ್ನು ತಡೆದರೆ ಸಾಲದು, ಬಿಸಿಲನ್ನೂ ತಡೆಯಬೇಕು. ಕಾಗಿಣಾ ತೀರದ ಈ ನಾಡಿನಲ್ಲಿ ಚೈತ್ರ ವೈಶಾಖಗಳ ತಾಪವೆಂತಹದೆಂದು ವಾಚಕರಿಗೆ ಹೇಳಬೇಕಾದುದಿಲ್ಲ. ಆ ತಾಪವನ್ನು ಒಳಗೆ ಬಿಟ್ಟುಕೊಂಡು, ಬಳಿಕ ವಿದ್ಯುತ್ತಿನಿಂದ ಹೊರದೂಡಲೆತ್ನಿಸುವುದು ತೂತುಕೊಡದಲ್ಲಿ ನೀರು ತಂದಂತೆ. ಆದುದರಿಂದ ವಿದ್ಯುತ್ತಿನ ಮಿತವ್ಯಯವು ಗೋಡೆ ಮಾಳಿಗೆಗಳಿಂದಲೇ ಆರಂಭವಾಗತಕ್ಕದ್ದು.

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿಯೂ ಸುತ್ತಣ ಗ್ರಾಮಗಳಲ್ಲಿಯೂ ಇರುವ ಹಳೆಯ ಮನೆಗಳನ್ನು ನೋಡಿರಿ. ದಪ್ಪನಾದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಬೆಳಕಿಂಡಿ. ಹಗಲಿನ ಕಾವು ಅವನ್ನು ದಾಟಿ ಒಳಸೇರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಈಗ ಈ ನೆಲದ ಸುಣ್ಣದ ಕಲ್ಲು ಸೇಡಂ, ವಾಡಿ, ಮಳಖೇಡಗಳ ಕಾರ್ಖಾನೆಗಳಲ್ಲಿ ಸುಮಾರು 1450 ಡಿಗ್ರಿ ಉಷ್ಣದಲ್ಲಿ ಬೆಂದು ಸಿಮೆಂಟಾಗುತ್ತದೆ. ಸಿಮೆಂಟಿನ ತಾರಸಿಯು ಗಟ್ಟಿಯಾದುದು, ಮಳೆಗಾಲದಲ್ಲಿ ಮಣ್ಣು ಮೆತ್ತುವ ಶ್ರಮವನ್ನು ತಪ್ಪಿಸಿದುದು ನಿಜ. ಆದರೆ ನಾಲ್ಕೈದು ಅಂಗುಲದ ಬರಿಯ ತಾರಸಿಯು ಹಗಲೆಲ್ಲ ಕಾದು, ಆ ಕಾವನ್ನು ಇರುಳಲ್ಲಿ ಮಲಗಿದವರ ಮೇಲೆ ಸುರಿಸುತ್ತದೆ. ತಗಡಿನ ಮನೆಗಳ ಪಾಡು ಇನ್ನೂ ಕಷ್ಟತರ.

ಈ ವಿಷಯದಲ್ಲಿ ಸರಕಾರವು ಸುಮ್ಮನಿದ್ದಿಲ್ಲ. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಯಾಯಿತು. 2007ರಲ್ಲಿ 100 ಕಿಲೊವ್ಯಾಟಿನಷ್ಟು ಅಥವಾ ಅದಕ್ಕೂ ಮಿಗಿಲಾದ ವಿದ್ಯುತ್ ಹೊರೆಯುಳ್ಳ ವಾಣಿಜ್ಯ ಕಟ್ಟಡಗಳಿಗಾಗಿ ಒಂದು ಸಂಹಿತೆ ಹೊರಟು, 2017ರಲ್ಲಿ ಪರಿಷ್ಕೃತವಾಯಿತು. ವಾಸದ ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆಯು ಮಾಳಿಗೆಗೆ ಒಂದು ಅಳತೆಯನ್ನು ಗೊತ್ತುಮಾಡಿತು: ಒಳಗೂ ಹೊರಗೂ ಒಂದು ಡಿಗ್ರಿಯ ಅಂತರವಿದ್ದಾಗ ಒಂದು ಚದರ ಮೀಟರಿನ ಮೂಲಕ 1.2 ವ್ಯಾಟಿಗಿಂತ ಹೆಚ್ಚು ಕಾವು ಹರಿಯಕೂಡದು. ಬರಿಯ ಕಾಂಕ್ರೀಟಿನ ಮೂಲಕ ಇದರ ಇಮ್ಮಡಿಗಿಂತಲೂ ಹೆಚ್ಚು ಹರಿಯುತ್ತದೆ. ಆದರೆ ಆ ಸಂಹಿತೆಯು 500 ಚದರ ಮೀಟರು ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ ಮಾತ್ರ ಉದ್ದೇಶಿಸಿದುದು. ಎರಡು ದೀಪ, ಎರಡು ಬೀಸಣಿಗೆಗಳ ಬಡಮನೆಯು ಯಾವ ಸಂಹಿತೆಯ ಕಣ್ಣಿಗೂ ಬೀಳದು.

ಸೇಡಂ ತಾಲ್ಲೂಕಿನ ಗಡಿಯಾಚೆಯ ತೆಲಂಗಾಣವು 2023ರಲ್ಲಿ ತಂಪು ಮಾಳಿಗೆಯ ನೀತಿಯನ್ನು ಪ್ರಕಟಿಸಿ, ಸರಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೂ 600 ಚದರ ಗಜ ಹಾಗೂ ಅದಕ್ಕೆ ಮೇಲ್ಪಟ್ಟ ನಿವೇಶನದ ಮನೆಗಳಿಗೂ ಬಿಸಿಲನ್ನು ಹಿಂದಿರುಗಿಸುವ ಮಾಳಿಗೆಯನ್ನು ಕಡ್ಡಾಯಗೊಳಿಸಿತು. ಚಿಕ್ಕ ಮನೆಗಳಿಗೆ ಅಲ್ಲಿಯೂ ಅದು ಐಚ್ಛಿಕವೇ. ಅದೇ ವರ್ಷ ನಮ್ಮ ರಾಜ್ಯದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗೆ ಮನೆಗಳಿಗೆ ಉಚಿತ ವಿದ್ಯುತ್ತನ್ನೊದಗಿಸಿತು. ಬಡವರ ಕೈಹೊರೆ ಇಳಿಯಿತು. ತಲೆಯ ಮೇಲಿನ ಕಾವು ಮಾತ್ರ ಹಾಗೆಯೇ ಉಳಿಯಿತು.

ಒಲೆಯ ಮುಂದೆ ನಿಲ್ಲುವ ತಾಯಿ, ತೊಟ್ಟಿಲ ಕೂಸು, ಹಾಸಿಗೆ ಹಿಡಿದ ವೃದ್ಧರು, ಪರೀಕ್ಷೆಗೆ ಓದುವ ಬಾಲಿಕೆ: ಮನೆಯ ಸೆಕೆಯನ್ನು ಅತಿಯಾಗಿ ಉಣ್ಣುವವರು ಇವರೇ. ಆದಕಾರಣ ಸರಕಾರವು ಬಡವರಿಗೆ ಮನೆಯ ಸಹಾಯಧನವನ್ನು ಕೊಡುವಾಗ ಮಾಳಿಗೆಗೆ ಬಿಳಿಯ ಲೇಪ, ಕಿಟಕಿಗೆ ನೆರಳು, ಎದುರುಬದುರಾಗಿ ಗಾಳಿಗಂಡಿ ಇವುಗಳನ್ನೂ ಲೆಕ್ಕದಲ್ಲಿ ಸೇರಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. 2022ರ ತಿದ್ದುಪಡಿಯು ಆ 100 ಕಿಲೊವ್ಯಾಟಿನ ಮಿತಿಯನ್ನು ಇಳಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಅದನ್ನು ಬಳಸುವುದು ರಾಜ್ಯದ ಕೈಯಲ್ಲಿದೆ. ಕಟ್ಟಳೆಯು ಬರುವ ತನಕ ನಾವು ಕೈಕಟ್ಟಿ ಕೂಡಬೇಕಾದುದೂ ಇಲ್ಲ. ಹಬ್ಬಕ್ಕೆ ಗೋಡೆಗೆ ಬಳಿಯುವ ಸುಣ್ಣವನ್ನು ಬೇಸಗೆಯ ಮೊದಲು ಮಾಳಿಗೆಗೂ ಬಳಿಯೋಣ.